108 ಅಡಿ ಕಂಚಿನ ಕೆಂಪೇಗೌಡರು: ಕತ್ತಿಗಿಂತ ಕೆರೆ, ಪೇಟೆ ಕೆಲಸವೇ ದೊಡ್ಡದು

ಮೊಸಳೆ: ನಮ್ಮ ಕಡೆಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಯಾರನ್ನಾದ್ರೂ ಬಿಡೋಕೆ ಹೋದವರು ವಾಪಸ್ ಬಂದು ಮೊದಲು ಹೇಳೋದು ಕೆಂಪೇಗೌಡರ ಪ್ರತಿಮೆ ಬಗ್ಗೆ. ಎತ್ತರ 108 ಅಡಿ. ಅದಕ್ಕೆ ಬಳಸಿದ್ದು 98 ಟನ್ ಕಂಚು, 120 ಟನ್ ಉಕ್ಕು. ಕೈಯಲ್ಲಿರೋ ಕತ್ತಿಯೇ 4 ಟನ್. ಶ್ರವಣಬೆಳಗೊಳದ ಗೊಮ್ಮಟ 58 ಅಡಿ, ನೀವೇ ಲೆಕ್ಕ ಹಾಕಿ. ನರ್ಮದಾ ದಡದಲ್ಲಿರೋ ಪಟೇಲರ ಪ್ರತಿಮೆ ರೂಪಿಸಿದ ರಾಮ್ ಸುತಾರ್ ಅವರೇ ಇದನ್ನೂ ಮಾಡಿದ್ದು. 2022ರ ನವೆಂಬರ್ 11ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು.

ಪ್ರತಿಮೆ ನೋಡಿದವರಿಗೆ ಕತ್ತಿ ಕಣ್ಣಿಗೆ ಬೀಳುತ್ತೆ. ಆದರೆ ಗೌಡರು ಉಳಿಸಿ ಹೋಗಿದ್ದು ಬೇರೆ.

1510ರಲ್ಲಿ ಯಲಹಂಕದ ನಾಡಪ್ರಭುಗಳ ಮನೆತನದಲ್ಲಿ ಹುಟ್ಟಿದವರು. ವಿಜಯನಗರದ ಅರಸ ಅಚ್ಯುತರಾಯರ ಒಪ್ಪಿಗೆ ಪಡೆದು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಬೆಂಗಳೂರಿಗೆ ಬುನಾದಿ ಹಾಕಿದರು. ದೊಡ್ಡಪೇಟೆ, ಚಿಕ್ಕಪೇಟೆ ಕೂಡೋ ಜಾಗದಿಂದ ನಾಲ್ಕು ದಿಕ್ಕಿಗೂ ಎತ್ತು ಕಟ್ಟಿ ನೇಗಿಲು ಹೊಡೆಸಿ ಬೀದಿ ಗುರುತು ಮಾಡಿಸಿದರು ಅನ್ನೋ ಕತೆ ಈಗಲೂ ಇದೆ. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೆಪೇಟೆ, ಮಡಕೆ ಮಾಡೋರಿಗೆ ಕುಂಬಾರಪೇಟೆ. ಒಂದೊಂದು ಕಸುಬಿಗೆ ಒಂದೊಂದು ಬೀದಿ. ನಮ್ಮ ತಾಲ್ಲೂಕಿನ ಬಟ್ಟೆ ಅಂಗಡಿಯವರು ಹಬ್ಬದ ಮುಂಚೆ ಮಾಲು ತರೋಕೆ ಇವತ್ತೂ ಹೋಗೋದು ಅದೇ ಚಿಕ್ಕಪೇಟೆಗೆ.

ಹೊಳೆನರಸೀಪುರದ ಥರ ಮಗ್ಗುಲಲ್ಲೇ ಹೇಮಾವತಿ ಹರಿಯೋ ಊರಲ್ಲ ಅದು. ಅದಕ್ಕೇ ಕೆರೆ ಕಟ್ಟಿಸಿದರು. ಕೆಂಪಾಂಬುಧಿ ಇನ್ನೂ ಇದೆ. ಧರ್ಮಾಂಬುಧಿ ಎಲ್ಲಿ ಅಂತೀರಾ? ನಮ್ಮ ಹಾಸನದ ಬಸ್ಸು ಹೋಗಿ ನಿಲ್ಲೋ ಮೆಜೆಸ್ಟಿಕ್ಕೇ ಆ ಕೆರೆಯ ಅಂಗಳ. ಕೆರೆ ಹೋಯ್ತು, ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು. ಇದನ್ನ ಗೌರವ ಅನ್ನಬೇಕೋ ಏನನ್ನಬೇಕೋ.

ಅವರ ಬದುಕು ಬರೀ ಗೆಲುವಿನದ್ದೂ ಅಲ್ಲ. ಸ್ವಂತ ನಾಣ್ಯ ಹೊರಡಿಸಿದ್ದಕ್ಕೆ ವಿಜಯನಗರದ ರಾಮರಾಯ ಸಿಟ್ಟಾಗಿ ಆನೆಗೊಂದಿ ಸೆರೆಮನೆಗೆ ಹಾಕಿಸಿದ. ಐದು ವರ್ಷ ಒಳಗೇ ಇದ್ದರು ಅಂತಾರೆ. ಬಿಡುಗಡೆಯಾಗಿ ಬಂದಮೇಲೆ ಮತ್ತೆ ಊರಿನ ಕೆಲಸಕ್ಕೇ ಇಳಿದರು. ಮೊರಸು ಒಕ್ಕಲಿಗರಲ್ಲಿ ಬಂಡಿ ದೇವರ ಹರಕೆಗೆ ಹೆಣ್ಣುಮಕ್ಕಳ ಎಡಗೈಯ ಎರಡು ಬೆರಳು ಕತ್ತರಿಸೋ ಪದ್ಧತಿ ಇತ್ತು. ತಮ್ಮದೇ ಜನರ ಆಚಾರ. ಅದನ್ನ ನಿಲ್ಲಿಸಿದ ಹೆಸರೂ ಇವರಿಗಿದೆ. ಜೂನ್ 27ರ ಜಯಂತಿ ಭಾಷಣಗಳಲ್ಲಿ ಕೋಟೆ, ಪೇಟೆ ಬರುತ್ತೆ, ಈ ಬೆರಳಿನ ವಿಷಯ ಬರೋದು ಕಡಿಮೆ. ನನ್ನ ಕೇಳಿದರೆ ಅದನ್ನೇ ಮೊದಲು ಹೇಳಬೇಕು.

1569ರಲ್ಲಿ ತೀರಿಕೊಂಡರು. ನಲವತ್ತು ವರ್ಷ ಕಳೆದು, 1609ರಲ್ಲಿ, ಶಿವಗಂಗೆಯ ಗಂಗಾಧರೇಶ್ವರ ದೇವಸ್ಥಾನದಲ್ಲಿ ಅವರದ್ದೊಂದು ಲೋಹದ ಮೂರ್ತಿ ಇಟ್ಟರು. ಬೆಂಗಳೂರು ಪಾಲಿಕೆ ಕಚೇರಿ ಮುಂದೆ ಪ್ರತಿಮೆ ನಿಂತಿದ್ದು 1964ರಲ್ಲಿ. ದೇವನಹಳ್ಳಿಯದು ಆಮೇಲಿನದು.

ಇಷ್ಟು ಪ್ರತಿಮೆ ಎದ್ದರೂ ಅವರ ಸಮಾಧಿ ಎಲ್ಲಿದೆ ಅಂತ ಗೊತ್ತಾಗಿದ್ದು 2015ರಲ್ಲಿ, ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ಕುಣಿಗಲ್ ಕಡೆಯಿಂದ ವಾಪಸ್ ಬರುವಾಗ ಅಲ್ಲಿ ನಡೆದ ಕಾಳಗದಲ್ಲಿ ಮಡಿದರು ಅಂತ ಅಲ್ಲಿನ ಶಾಸನ ಹೇಳುತ್ತೆ. ಕಂಚಿಲ್ಲ, ಉಕ್ಕಿಲ್ಲ, ಒಂದು ಚಿಕ್ಕ ಕಲ್ಲಿನ ಕಟ್ಟಡ. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಹೋಗೋರು ಕುಣಿಗಲ್ ಹತ್ತಿರ ಬಲಕ್ಕೆ ಮಾಗಡಿ ಕಡೆ ತಿರುಗಿದರೆ ನೋಡಿಕೊಂಡೇ ಹೋಗಬಹುದು.