ಕೈಮುಗಿದು ನಿಂತ ಚಕ್ರವರ್ತಿ

ಅರಸನ ಪ್ರತಿಮೆಯು ಕೇವಲ ರೂಪಸ್ಮರಣೆಯಲ್ಲ, ಅಧಿಕಾರದ ಮುದ್ರೆಯೂ ಹೌದು. ಪ್ರಾಚೀನ ರೋಮಿನ ಚಕ್ರವರ್ತಿಗಳು ತಮ್ಮ ಮುಖವನ್ನು ನಾಣ್ಯಗಳ ಮೇಲೆ ಟಂಕಿಸಿ, ಪ್ರತಿಮೆಗಳನ್ನು ನಗರನಗರಗಳಲ್ಲಿ ನಿಲ್ಲಿಸಿದರು. ಆಗಸ್ಟಸ್, ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ದೊರೆತಿವೆ. ಟ್ರಾಜನನ ಆಳ್ವಿಕೆಯಲ್ಲಿ ಸಂಶಯಕ್ಕೊಳಗಾದ ಕ್ರೈಸ್ತರು ಅವನ ಪ್ರತಿಮೆಗೆ ಧೂಪ, ದ್ರಾಕ್ಷಾರಸಗಳನ್ನು ಅರ್ಪಿಸಿ ರಾಜನಿಷ್ಠೆಯನ್ನು ತೋರಬೇಕಾಗಿತ್ತು.

ನಮ್ಮ ನಾಡಿನ ಕೃಷ್ಣದೇವರಾಯನದು ಬೇರೊಂದು ಬಗೆ. 1509ರಲ್ಲಿ ವಿಜಯನಗರದ ಪಟ್ಟವೇರಿದ ಆತನು ಉದಯಗಿರಿ, ಕೊಂಡವೀಡುಗಳನ್ನು ಗೆದ್ದು, 1520ರಲ್ಲಿ ರಾಯಚೂರನ್ನು ವಶಪಡಿಸಿಕೊಂಡನು. ಉದಯಗಿರಿಯಿಂದ ತಂದ ಬಾಲಕೃಷ್ಣಮೂರ್ತಿಯನ್ನು 1515ರಲ್ಲಿ ಹಂಪೆಯಲ್ಲಿ ಪ್ರತಿಷ್ಠಾಪಿಸಿದನು. ಆತನ ಚಿನ್ನದ ವರಾಹಗಳ ಮೇಲೆ ಕಾಣುವುದು ಬಾಲಕೃಷ್ಣನ ರೂಪ. ರಾಯನದು ಹಿಂಬದಿಯ ಹೆಸರು ಮಾತ್ರ.

ಆತನ ಪ್ರತಿಮೆ ಇಲ್ಲವೆಂದಲ್ಲ. ತಿರುಮಲೆಯ ದೇವಾಲಯದೊಳಗೆ ತಿರುಮಲದೇವಿ, ಚಿನ್ನಾದೇವಿಯರ ನಡುವೆ, ಎತ್ತರದ ಕುಲಾವಿಯನ್ನು ಧರಿಸಿ, ಬರಿಗಾಲಿನಲ್ಲಿ ಕೈಮುಗಿದು ನಿಂತ ಲೋಹಪ್ರತಿಮೆಯಿದೆ. ಮೂವರ ಹೆಸರುಗಳನ್ನೂ ಭುಜಗಳ ಮೇಲೆ ಕೆತ್ತಲಾಗಿದೆ. ಇಲ್ಲಿಯೂ ರಾಜಪ್ರಭಾವದ ಪ್ರದರ್ಶನವುಂಟು. ಸಾವಿರಾರು ಯಾತ್ರಿಕರು ಹಾದುಹೋಗುವೆಡೆಯಲ್ಲಿ ನಿಲ್ಲುವ ಭಾಗ್ಯ ಸಾಮಾನ್ಯ ಭಕ್ತನಿಗೆ ದೊರೆಯುವುದಿಲ್ಲ. ಆದರೆ ಈ ಪ್ರತಿಮೆಯು ನಿಷ್ಠೆಯನ್ನು ಬೇಡುವುದಿಲ್ಲ. ತಾನೇ ನಿಷ್ಠೆಯನ್ನು ಸಲ್ಲಿಸುತ್ತದೆ.

ದೇವರಿಗೆ ಸಲ್ಲಿಸಿದ ಈ ನಿಷ್ಠೆಯನ್ನು ರಾಯನು ಮನುಷ್ಯರಲ್ಲಿಯೂ ಉಳಿಸಿಕೊಂಡನೆ? ಪೋರ್ಚುಗೀಸ್ ವರ್ತಕ ನ್ಯೂನಿಜನ ಬರಹವು ಇಲ್ಲಿ ಮನಸ್ಸನ್ನು ಕಲಕುತ್ತದೆ. ಅಣ್ಣನಾದ ವೀರನರಸಿಂಹನು ರಾಯನ ಕಣ್ಣು ಕೀಳಿಸಲು ಆಜ್ಞಾಪಿಸಿದಾಗ, ಮಂತ್ರಿ ತಿಮ್ಮರಸನು ಆಡಿನ ಕಣ್ಣುಗಳನ್ನು ತೋರಿಸಿ ಆತನನ್ನು ಕಾಪಾಡಿದನಂತೆ. ಮುಂದೆ ಎಳೆಯ ಯುವರಾಜನು ತೀರಿಕೊಂಡಾಗ ವಿಷಪ್ರಯೋಗದ ಶಂಕೆ ಮಂತ್ರಿಯ ಮನೆತನದ ಮೇಲೆ ಬಿದ್ದಿತು. ಅದೇ ತಿಮ್ಮರಸನನ್ನು ರಾಯನು ಸೆರೆಯಲ್ಲಿರಿಸಿ ಕಣ್ಣು ಕೀಳಿಸಿದನೆಂದು ನ್ಯೂನಿಜನು ಬರೆದಿದ್ದಾನೆ. ತನ್ನ ಕಣ್ಣುಗಳನ್ನು ಉಳಿಸಿದವನ ಕಣ್ಣುಗಳನ್ನು ಉಳಿಸಲಾರದ ದೊರೆತನವು ಎಂತಹ ಕುರುಡು!

1529ರಲ್ಲಿ ರಾಯನು ಕಾಲವಶನಾದನು. 1565ರ ರಕ್ಕಸಗಿ-ತಂಗಡಗಿ ಯುದ್ಧದ ಬಳಿಕ ರಾಜಧಾನಿಯ ಅರಮನೆಗಳು ಬೆಂಕಿಗೆ ತುತ್ತಾದವು. ತಿರುಮಲೆಯ ಪ್ರತಿಮೆ ಮಾತ್ರ ಇಂದಿಗೂ ನಿಂತಿದೆ. ಆ ಮುಗಿದ ಕೈಗಳಲ್ಲಿ ಭಕ್ತಿಯನ್ನು ಕಾಣುವವನು ಧನ್ಯ. ಅವುಗಳಲ್ಲಿ ಕ್ಷಮಾಯಾಚನೆಯನ್ನೂ ಕಾಣಬಲ್ಲವನು ಇತಿಹಾಸವನ್ನು ಓದಿದವನು.