ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯ (3 ಏಪ್ರಿಲ್ 1903 – 29 ಅಕ್ಟೋಬರ್ 1988) ಅವರು ಮಂಗಳೂರಿನಲ್ಲಿ ಜನಿಸಿದ ಸ್ವಾತಂತ್ರ್ಯ ಹೋರಾಟಗಾರ್ತಿ, ಸಮಾಜವಾದಿ ನಾಯಕಿ, ಲೇಖಕಿ ಹಾಗೂ ಭಾರತೀಯ ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ಕಾರಣರಾದವರು. ಇಂದು ಅವರ ಹೆಸರು ಹೆಚ್ಚಾಗಿ ಕರಕುಶಲ ವಸ್ತುಗಳ ಜೊತೆಗೇ ಕೇಳಿಬರುತ್ತದೆ. ಆದರೆ 1926ರಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ, ಅವರು ಮದರಾಸು ವಿಧಾನ ಪರಿಷತ್ತಿನ ಚುನಾವಣೆಗೆ ನಿಂತು ಕೇವಲ 55 ಮತಗಳ ಅಂತರದಿಂದ ಸೋತರು. ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ. ಹದಿನೈದು ವರ್ಷಗಳ ನಂತರ ಅಮೆರಿಕದ ದಕ್ಷಿಣ ಪ್ರಾಂತ್ಯಗಳಲ್ಲಿ ಸಂಚರಿಸಿ, ಅಲ್ಲಿ ಮೈಬಣ್ಣವು ಮತದಾರನ ಹಕ್ಕನ್ನು ಹೇಗೆ ಕಸಿದುಕೊಳ್ಳುತ್ತದೆ ಎಂಬುದನ್ನೂ ಅವರು ಕಣ್ಣಾರೆ ಕಂಡರು. ಒಬ್ಬ ವ್ಯಕ್ತಿ ಹೆಣ್ಣೋ ಗಂಡೋ, ಯಾವ ಜಾತಿ, ಯಾವ ವರ್ಣ ಎಂಬುದು ಮತಪೆಟ್ಟಿಗೆಯ ಬಳಿ ಎಷ್ಟು ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಎರಡು ಖಂಡಗಳಲ್ಲಿ ಎದುರಿಸಿದ ಜೀವನ ಅವರದು.

ಜನನ ಮತ್ತು ಬಾಲ್ಯ

ಕಮಲಾದೇವಿಯವರು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ತಂದೆ ಅನಂತಯ್ಯ ಧಾರೇಶ್ವರ ಅವರು ಜಿಲ್ಲಾಡಳಿತದಲ್ಲಿ ಉನ್ನತ ಅಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿಯವರು ಓದುಬರಹ ಬಲ್ಲ, ಸ್ವತಂತ್ರ ಮನೋಭಾವದ ಮಹಿಳೆ. ಗೋಪಾಲಕೃಷ್ಣ ಗೋಖಲೆ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮೊದಲಾದವರ ಪರಿಚಯ ಈ ಮನೆತನಕ್ಕಿತ್ತು. ಅಕ್ಕ ಸಗುಣಾ ಬಾಲ್ಯವಿವಾಹವಾಗಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

ಕಮಲಾದೇವಿಯವರಿಗೆ ಏಳು ವರ್ಷವಾಗಿದ್ದಾಗ ತಂದೆ ನಿಧನರಾದರು. ಅವರು ಮರಣಪತ್ರ ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಸಮಸ್ತ ಆಸ್ತಿಯೂ ತಂದೆಯ ಮೊದಲ ಮದುವೆಯ ಮಗನಿಗೆ ಹೋಯಿತು. ಹೆಂಡತಿಗೂ ಹೆಣ್ಣುಮಗಳಿಗೂ ದೊರಕಬಹುದಾಗಿದ್ದದ್ದು ಮಾಸಾಶನ ಮಾತ್ರ. ಗಿರಿಜಾಬಾಯಿಯವರು ಅದನ್ನು ಬೇಡವೆಂದು ತಳ್ಳಿ, ಮಗಳೊಂದಿಗೆ ಮನೆ ಬಿಟ್ಟು ಹೊರಬಂದರು. ಜೀವನಚರಿತ್ರೆಗಳಲ್ಲಿ ಈ ಸಂಗತಿ ಸಾಮಾನ್ಯವಾಗಿ ಬಾಲ್ಯದ ಒಂದು ದುಃಖದ ಪ್ರಸಂಗವಾಗಿ ಮಾತ್ರ ಬಂದುಹೋಗುತ್ತದೆ. ಅದಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ. ಬ್ರಿಟಿಷ್ ಭಾರತದಲ್ಲಿ ಮತದಾನದ ಹಕ್ಕು ಮುಖ್ಯವಾಗಿ ಆಸ್ತಿಯ ಮೇಲೆ, ಕಟ್ಟುವ ಕಂದಾಯ ಮತ್ತು ತೆರಿಗೆಯ ಮೇಲೆ ನಿಂತಿತ್ತು. ಹೆಣ್ಣಿಗೆ ಆಸ್ತಿ ಕೊಡದ ಕಾನೂನು ಮತ್ತು ಆಸ್ತಿಯಿಲ್ಲದವರಿಗೆ ಮತ ಕೊಡದ ಕಾನೂನು ಎರಡೂ ಸೇರಿದಾಗ, ಹೆಣ್ಣಿಗೆ ಮತವಿಲ್ಲ ಎಂದು ಬೇರೆಯಾಗಿ ಬರೆಯುವ ಅಗತ್ಯವೇ ಇರಲಿಲ್ಲ.

ವಿವಾಹ, ವೈಧವ್ಯ, ಮರುವಿವಾಹ

1917ರಲ್ಲಿ, 14ನೆಯ ವಯಸ್ಸಿನಲ್ಲಿ, ಅವರ ವಿವಾಹ ಕೃಷ್ಣರಾವ್ ಎಂಬುವರೊಂದಿಗೆ ನಡೆಯಿತು. ಎರಡೇ ವರ್ಷಗಳಲ್ಲಿ ಅವರು ವಿಧವೆಯಾದರು. ತಾಯಿ ಮಗಳ ವಿದ್ಯಾಭ್ಯಾಸವನ್ನು ನಿಲ್ಲಿಸಲಿಲ್ಲ. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದುತ್ತಿರುವಾಗ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯವರ ಗೆಳೆತನವಾಯಿತು. ಅವರ ಮೂಲಕ ಕವಿ, ನಾಟಕಕಾರ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. 20ನೆಯ ವಯಸ್ಸಿನಲ್ಲಿ ಕಮಲಾದೇವಿಯವರು ಅವರನ್ನು ಮದುವೆಯಾದರು. ವಿಧವೆಯ ಮರುವಿವಾಹ, ಅದೂ ಭಾಷೆ-ಪ್ರಾಂತ ಎರಡನ್ನೂ ದಾಟಿದ ವಿವಾಹ, ಬಂಧುವರ್ಗದಲ್ಲಿ ತೀವ್ರ ವಿರೋಧವನ್ನು ಹುಟ್ಟಿಸಿತು. ಮುಂದೆ ಈ ದಾಂಪತ್ಯವು ವಿಚ್ಛೇದನದಲ್ಲಿ ಕೊನೆಗೊಂಡಿತು. ಅವರಿಗೆ ರಾಮಕೃಷ್ಣ ಎಂಬ ಮಗನಿದ್ದನು.

ದಂಪತಿಗಳು ಇಂಗ್ಲೆಂಡಿಗೆ ಹೋದಾಗ ಕಮಲಾದೇವಿಯವರು ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಅಧ್ಯಯನ ಮಾಡಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ವಾರ್ತೆ ಕೇಳಿ ಸ್ವದೇಶಕ್ಕೆ ಮರಳಿ, ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ ಅವರು ಸ್ಥಾಪಿಸಿದ ಹಿಂದೂಸ್ತಾನಿ ಸೇವಾದಳವನ್ನು ಸೇರಿದರು ಮತ್ತು ಅದರ ಮಹಿಳಾ ವಿಭಾಗದ ಹೊಣೆ ಹೊತ್ತರು. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಅವರು ಮನೆಮನೆಗೆ ತಿರುಗಿ ಹೆಣ್ಣುಮಕ್ಕಳನ್ನು, ಅವರಲ್ಲಿ ವಿಧವೆಯರನ್ನೂ, ಸಾರ್ವಜನಿಕ ಕೆಲಸಕ್ಕೆ ಕರೆತರುತ್ತಿದ್ದ ಕಾಲವದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕಿಯರ ದಳವನ್ನು ನಮ್ಮ ಭಾಗದ ಜನ ಮೊದಲ ಬಾರಿಗೆ ಕಂಡರು.

1926ರ ಚುನಾವಣೆ

ಈ ಚುನಾವಣೆಯನ್ನು ತಿಳಿಯಬೇಕಾದರೆ ಅಂದಿನ ಮತದಾರರು ಯಾರು ಎಂಬುದನ್ನು ಮೊದಲು ತಿಳಿಯಬೇಕು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ಮಹಿಳಾ ನಿಯೋಗವು ಮದರಾಸಿನಲ್ಲಿ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಸ್ತ್ರೀಯರಿಗೂ ಮತಾಧಿಕಾರ ಬೇಕೆಂದು ಕೇಳಿತ್ತು. ಈ ನಿಯೋಗದ ಹಿಂದೆ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಅವರ ಶ್ರಮವಿತ್ತು. 1919ರ ಶಾಸನವು ಈ ಬೇಡಿಕೆಯನ್ನು ನೇರವಾಗಿ ಒಪ್ಪದೆ, ತೀರ್ಮಾನವನ್ನು ಪ್ರಾಂತೀಯ ಪರಿಷತ್ತುಗಳಿಗೆ ಬಿಟ್ಟಿತು. ಮದರಾಸು ಮತ್ತು ಮುಂಬಯಿ ಪ್ರಾಂತಗಳು 1921ರಲ್ಲಿ ಸ್ತ್ರೀಯರಿಗೆ ಮತ ಹಾಕುವ ಹಕ್ಕು ಕೊಟ್ಟವು. ಆಸ್ತಿಯ ನಿಯಮ ಹಾಗೆಯೇ ಉಳಿದದ್ದರಿಂದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ ಒಬ್ಬರೂ ಮತದಾರರಾಗಿರಲಿಲ್ಲ. ಅಭ್ಯರ್ಥಿಯಾಗಿ ನಿಲ್ಲುವ ಹಕ್ಕು ದೊರೆತದ್ದು 1926ರಲ್ಲಿ.

ಇಂದಿನ ಗದಗ ಜಿಲ್ಲೆಯ ಓದುಗರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬಹುದು. ಗದಗ, ಬೆಟಗೇರಿ ಮತ್ತು ಮುಂಡರಗಿ ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಪ್ರಾಂತೀಯ ಪರಿಷತ್ತಿನ ಮತಾಧಿಕಾರ ಬ್ರಿಟಿಷ್ ಆಡಳಿತದ ಊರುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆದ್ದರಿಂದ ಕೆಲವೇ ಹರದಾರಿ ದೂರದ ಎರಡು ಊರುಗಳಲ್ಲಿ, ಒಂದೇ ಪ್ರಮಾಣದ ಹೊಲವಿದ್ದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಪರಿಷತ್ತಿನ ಮತವಿದ್ದು ಇನ್ನೊಬ್ಬಳಿಗೆ ಇಲ್ಲದಿರುವ ಸ್ಥಿತಿ ಇತ್ತು.

ಕಮಲಾದೇವಿಯವರನ್ನು ಚುನಾವಣೆಗೆ ನಿಲ್ಲುವಂತೆ ಒತ್ತಾಯಿಸಿದವರು ಮಾರ್ಗರೆಟ್ ಕಸಿನ್ಸ್. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನಗಳು. ಮದರಾಸು ಪರಿಷತ್ತಿನ ರಚನೆಯೇ ಜಾತಿ-ಮತಗಳ ಲೆಕ್ಕದ ಮೇಲೆ ನಿಂತಿತ್ತು. ಚುನಾಯಿತ ಸ್ಥಾನಗಳು 98. ಅವುಗಳಲ್ಲಿ 13 ಮುಸ್ಲಿಮರ ಮತ್ತು 5 ಭಾರತೀಯ ಕ್ರೈಸ್ತರ ಪ್ರತ್ಯೇಕ ಮತಕ್ಷೇತ್ರಗಳು. ಸಾಮಾನ್ಯ ಸ್ಥಾನಗಳಲ್ಲಿಯೂ 28 ಬ್ರಾಹ್ಮಣೇತರರಿಗೆ ಮೀಸಲು. ಜಸ್ಟಿಸ್ ಪಕ್ಷ ಮತ್ತು ಸ್ವರಾಜ್ಯ ಪಕ್ಷಗಳ ನಡುವಿನ ಆ ವರ್ಷದ ಸೆಣಸಾಟದಲ್ಲಿ ಬ್ರಾಹ್ಮಣ-ಬ್ರಾಹ್ಮಣೇತರ ವಿಷಯವೇ ಪ್ರಮುಖವಾಗಿತ್ತು. ಮಂಗಳೂರಿನ ದೊಡ್ಡ ಕ್ರೈಸ್ತ ಸಮುದಾಯವಾಗಲಿ ಮುಸ್ಲಿಮರಾಗಲಿ ಕಮಲಾದೇವಿಯವರಿಗೆ ಮತ ಹಾಕುವ ಪ್ರಶ್ನೆಯೇ ಇರಲಿಲ್ಲ. ಅವರ ಪಟ್ಟಿಗಳೇ ಬೇರೆ. ಉಳಿದವರು ಆಸ್ತಿವಂತ ಹಿಂದೂ ಮನೆತನಗಳ ಯಜಮಾನರು ಮತ್ತು ಬೆರಳೆಣಿಕೆಯ ಸ್ತ್ರೀಯರು. ಅಭ್ಯರ್ಥಿಯಾದರೋ ಮರುವಿವಾಹವಾದ ವಿಧವೆ, ರಂಗದ ಮೇಲೆ ನಟಿಸಿದಾಕೆ, ಪರಪ್ರಾಂತದವನ ಪತ್ನಿ, ಇನ್ನೂ 23ರ ತರುಣಿ. ಮೇಲ್ಜಾತಿಯಲ್ಲಿ ಹುಟ್ಟಿದ್ದರಿಂದ ಬರಬಹುದಾಗಿದ್ದ ಬೆಂಬಲವನ್ನು ಆ ಜಾತಿಯ ಕಟ್ಟಳೆ ಮೀರಿದ್ದು ಎಷ್ಟೋ ಮಟ್ಟಿಗೆ ಅಳಿಸಿಹಾಕುವಂತಿತ್ತು.

ಇಂಥ ಮತದಾರರ ನಡುವೆ 55 ಮತಗಳ ಸೋಲನ್ನು ಸೋಲೆಂದು ಮಾತ್ರ ಓದುವುದು ಸರಿಯಾಗದು. ಮತಚೀಟಿಯ ಮೇಲೆ ಕಾರಣ ಬರೆದಿರುವುದಿಲ್ಲ. ಹೆಣ್ಣೆಂದು ಕೈಬಿಟ್ಟವರು, ಮರುವಿವಾಹಕ್ಕಾಗಿ ಕೈಬಿಟ್ಟವರು, ಪಕ್ಷದ ನಿಷ್ಠೆಯಿಂದ ಬೇರೆಯವರಿಗೆ ಹಾಕಿದವರು ಎಲ್ಲರೂ ಒಂದೇ ಎಣಿಕೆಯಲ್ಲಿ ಸೇರಿಹೋಗುತ್ತಾರೆ. ಆದರೆ ಬಹುತೇಕ ಗಂಡಸರೇ ಇದ್ದ ಮತದಾರರ ಪಟ್ಟಿಯಿಂದ ಗೆಲುವಿನ ಹತ್ತಿರಕ್ಕೆ ಬರುವಷ್ಟು ಮತಗಳು ಒಬ್ಬ ಹೆಣ್ಣುಮಗಳಿಗೆ ಬಿದ್ದವು ಎಂಬುದು ನಿಶ್ಚಿತ. ಅದೇ ಅವಧಿಯ ಪರಿಷತ್ತಿಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು ನಾಮನಿರ್ದೇಶನಗೊಂಡು ಉಪಾಧ್ಯಕ್ಷೆಯಾದರು. ಸರ್ಕಾರ ಹೆಸರಿಸಿದಾಗ ತೆರೆದ ಬಾಗಿಲು, ಮತದಾರರ ಎದುರು ನಿಂತಾಗ ಸ್ವಲ್ಪದರಲ್ಲಿ ಮುಚ್ಚಿಕೊಂಡಿತು.

ಮೀಸಲು ಸ್ಥಾನಗಳ ಪ್ರಶ್ನೆ

1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಆರಂಭವಾದಾಗ ಕಮಲಾದೇವಿಯವರು ಅದರ ಸಂಘಟನಾ ಕಾರ್ಯದರ್ಶಿಯಾದರು, 1944ರಲ್ಲಿ ಅಧ್ಯಕ್ಷೆಯಾದರು. 1930ರ ದಶಕದ ಆರಂಭದಲ್ಲಿ ಈ ಸಂಸ್ಥೆಯು ಮಹಿಳೆಯರಿಗೆ ಮೀಸಲು ಸ್ಥಾನವಾಗಲಿ ಮತಧರ್ಮಾಧಾರಿತ ಪ್ರತ್ಯೇಕ ಮತಕ್ಷೇತ್ರವಾಗಲಿ ಬೇಡ, ಎಲ್ಲ ವಯಸ್ಕರಿಗೂ ಸಮಾನ ಮತಾಧಿಕಾರ ಬೇಕು ಎಂಬ ನಿಲುವನ್ನು ತಳೆಯಿತು. 1935ರ ಶಾಸನವು ಇದಕ್ಕೆ ವ್ಯತಿರಿಕ್ತವಾಗಿ ಪ್ರಾಂತೀಯ ಸಭೆಗಳಲ್ಲಿ ಮಹಿಳೆಯರಿಗೆ 41 ಸ್ಥಾನಗಳನ್ನು ಧರ್ಮವಾರು ಹಂಚಿ ಮೀಸಲಿಟ್ಟಿತು ಮತ್ತು ಮತದಾರನ ಪತ್ನಿ ಎಂಬ ಆಧಾರದ ಮೇಲೂ ಮತಾಧಿಕಾರ ಕೊಟ್ಟಿತು. ಸ್ತ್ರೀ ಮತದಾರರ ಸಂಖ್ಯೆ ಸುಮಾರು 60 ಲಕ್ಷಕ್ಕೆ ಏರಿತು ಎಂಬುದು ಸಣ್ಣ ವಿಷಯವಲ್ಲ. ಆದರೂ ಗಂಡನ ಆಸ್ತಿಯಿಂದ ಬಂದ ಮತ ಅದು.

ಉಪ್ಪಿನ ಸತ್ಯಾಗ್ರಹ ಮತ್ತು ಸಮಾಜವಾದ

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರೂ ಪಾಲ್ಗೊಳ್ಳಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದವರಲ್ಲಿ ಕಮಲಾದೇವಿಯವರು ಪ್ರಮುಖರು. ಮುಂಬಯಿಯಲ್ಲಿ ಅವಂತಿಕಾಬಾಯಿ ಗೋಖಲೆಯವರೊಂದಿಗೆ ಉಪ್ಪು ತಯಾರಿಸಿ, ಷೇರು ಮಾರುಕಟ್ಟೆಯೊಳಗೆ ಹೋಗಿ ಪೊಟ್ಟಣಗಳನ್ನು ಮಾರಿ ಬಂಧನಕ್ಕೊಳಗಾದರು. ಹಲವು ಬಾರಿ ಸೆರೆವಾಸ ಅನುಭವಿಸಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು. ಈ ನಡುವೆ, 1931ರಲ್ಲಿ, ಕನ್ನಡ ಚಿತ್ರರಂಗದ ಆರಂಭಕಾಲದ ಮೂಕಿಚಿತ್ರ ಮೃಚ್ಛಕಟಿಕದಲ್ಲಿಯೂ ನಟಿಸಿದರು.

ಅಮೆರಿಕ ಪ್ರವಾಸ

1939ರಲ್ಲಿ ಕೋಪನ್‌ಹೇಗನ್‌ನ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಹೋದ ಕಮಲಾದೇವಿಯವರು ಯುದ್ಧಾರಂಭದ ನಂತರ ಅಮೆರಿಕಕ್ಕೆ ತೆರಳಿ, 1941ರವರೆಗೆ ಅಲ್ಲಿ ಭಾರತದ ಸ್ವಾತಂತ್ರ್ಯದ ಪರವಾಗಿ ಉಪನ್ಯಾಸಗಳನ್ನು ಮಾಡಿದರು. 1941ರಲ್ಲಿ ಲೂಸಿಯಾನಾ ರಾಜ್ಯದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ, ಬಿಳಿಯರ ಡಬ್ಬಿಯಿಂದ ಎದ್ದುಹೋಗುವಂತೆ ಟಿಕೆಟ್ ಕಲೆಕ್ಟರ್ ಆಜ್ಞಾಪಿಸಿದನು. ಅವರು ನಿರಾಕರಿಸಿದರು. ಎಲ್ಲಿಂದ ಬಂದವರೆಂದು ಕೇಳಿದಾಗ ನ್ಯೂಯಾರ್ಕಿನಿಂದ ಎಂದರು. ಯಾವ ದೇಶದವರೆಂದು ಅವನು ಬಿಡಿಸಿ ಕೇಳಿದನು. ಭಾರತದವಳೆಂದು ಹೇಳಿದರೆ ವಿನಾಯಿತಿ ಸಿಗುವಂತಿತ್ತು. ಅದನ್ನು ಬೇಕೆಂದೇ ಬಿಟ್ಟು, ತಾನೂ ಬಣ್ಣದ ಮೈಯವಳೇ, ಏಳುವುದಿಲ್ಲ ಎಂದು ತಿಳಿಸಿದರು. ಅವನು ಹಿಂದಿರುಗಿದನು. ರೋಸಾ ಪಾರ್ಕ್ಸ್ ಅವರು ಅಲಬಾಮಾದ ಬಸ್ಸಿನಲ್ಲಿ ಆಸನ ಬಿಡಲು ನಿರಾಕರಿಸುವುದಕ್ಕೆ 14 ವರ್ಷಗಳ ಹಿಂದಿನ ಘಟನೆಯಿದು.

ಅಂದಿನ ದಕ್ಷಿಣ ರಾಜ್ಯಗಳ ಚುನಾವಣಾ ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಮತದಾರರೇ ಮತ ಹಾಕುವ ಪ್ರಾಥಮಿಕ ಚುನಾವಣೆ ನಡೆಯುತ್ತದೆ. ದಕ್ಷಿಣದಲ್ಲಿ ಡೆಮಾಕ್ರಟಿಕ್ ಪಕ್ಷ ಒಂದೇ ಬಲಶಾಲಿಯಾಗಿದ್ದರಿಂದ ಅದರ ಪ್ರಾಥಮಿಕ ಚುನಾವಣೆ ಗೆದ್ದವನೇ ಗೆದ್ದಂತೆ. ಆ ಚುನಾವಣೆಯಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ. 1920ರ ತಿದ್ದುಪಡಿಯಿಂದ ಸ್ತ್ರೀಯರಿಗೆ ಮತಾಧಿಕಾರ ಬಂದಿದ್ದರೂ ಕಪ್ಪುವರ್ಣೀಯ ಸ್ತ್ರೀಯ ಪಾಲಿಗೆ ಅದು ಕಾಗದದ ಮೇಲಿನ ಹಕ್ಕಾಗಿತ್ತು. ಬಿಳಿಯರ ಪ್ರಾಥಮಿಕ ಚುನಾವಣೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿದ್ದು 1944ರಲ್ಲಿ, ಟೆಕ್ಸಾಸ್‌ನ ಮೊಕದ್ದಮೆಯೊಂದರಲ್ಲಿ. ಮತದಾರರ ನೋಂದಣಿಯ ಇತರ ಅಡ್ಡಿಗಳು 1965ರ ಶಾಸನದವರೆಗೂ ಮುಂದುವರಿದವು. 1972ರಲ್ಲಿ ಶರ್ಲಿ ಚಿಸಮ್ ಎಂಬ ಕಪ್ಪುವರ್ಣೀಯ ಮಹಿಳೆ ಅಧ್ಯಕ್ಷ ಪದವಿಗಾಗಿ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಗಳಲ್ಲಿ ನಿಂತಾಗ ಸಮಾವೇಶದಲ್ಲಿ 152 ಪ್ರತಿನಿಧಿಗಳ ಮತ ಪಡೆದರು. ಕಪ್ಪು ಜನಾಂಗದ ಗಂಡಸು ನಾಯಕರಲ್ಲಿ ಅನೇಕರು ಆಕೆ ಹೆಣ್ಣೆಂದು ಹಿಂಜರಿದರು, ಮಹಿಳಾ ಚಳವಳಿಯ ಬಿಳಿಯ ನಾಯಕಿಯರಲ್ಲಿ ಹಲವರು ಗೆಲ್ಲುವ ಅಭ್ಯರ್ಥಿಯಲ್ಲವೆಂದು ದೂರ ಉಳಿದರು. 1926ರ ಮಂಗಳೂರಿನ ಕಥೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಕಮಲಾದೇವಿಯವರು ಅಮೆರಿಕದ ಕುರಿತು 1940ರ ದಶಕದಲ್ಲಿ ಎರಡು ಇಂಗ್ಲಿಷ್ ಪುಸ್ತಕಗಳನ್ನು ಪ್ರಕಟಿಸಿದರು. ವರ್ಣಭೇದ ಮತ್ತು ಜಾತಿಭೇದಗಳನ್ನು ಒಟ್ಟಿಗೆ ಇಟ್ಟು ನೋಡಿದ ಭಾರತೀಯರಲ್ಲಿ ಅವರು ಮೊದಲ ಸಾಲಿನವರು.

ಸ್ವಾತಂತ್ರ್ಯದ ನಂತರ

ದೇಶವಿಭಜನೆಯಿಂದ ನಿರಾಶ್ರಿತರಾದವರಿಗಾಗಿ 1948ರಲ್ಲಿ ಭಾರತೀಯ ಸಹಕಾರಿ ಸಂಘವನ್ನು ಕಟ್ಟಿ, ಫರೀದಾಬಾದ್ ನಗರದ ನಿರ್ಮಾಣದಲ್ಲಿ ಕೈಜೋಡಿಸಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ಹಳ್ಳಿಹಳ್ಳಿ ತಿರುಗಿ, ಅಳಿವಿನಂಚಿನ ಕಸುಬುಗಳನ್ನು ಪತ್ತೆಹಚ್ಚಿ, ಕುಶಲಕರ್ಮಿಗಳಿಗೆ ಮಾರುಕಟ್ಟೆ ಮತ್ತು ಮರ್ಯಾದೆ ಎರಡನ್ನೂ ಒದಗಿಸಲು ಯತ್ನಿಸಿದರು. ಬೆಟಗೇರಿಯಂಥ ನೇಕಾರಿಕೆಯ ಊರುಗಳನ್ನು ಬಲ್ಲವರಿಗೆ ಈ ಕೆಲಸದ ಬೆಲೆ ತಿಳಿದೀತು: ಮಗ್ಗದ ಮೇಲೆ ಕುಳಿತವನ ಹೆಸರು ಲೆಕ್ಕಕ್ಕೆ ಬರುತ್ತದೆ, ಪಕ್ಕದಲ್ಲಿ ಕಂಡಿಕೆ ಸುತ್ತುವ ಮನೆಯಾಕೆಯ ದುಡಿಮೆ ಬರುವುದಿಲ್ಲ.

ಹೆಸರಿನ ಈ ಪ್ರಶ್ನೆ ಮತದಾರರ ಪಟ್ಟಿಗೂ ಬಂದಿತ್ತು. 1951–52ರ ಮೊದಲ ಮಹಾಚುನಾವಣೆಯಲ್ಲಿ ವಯಸ್ಕರೆಲ್ಲರಿಗೂ ಮತ ಸಿಕ್ಕಿದಾಗ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಸ್ತ್ರೀಯರ ನೋಂದಣಿಯನ್ನು ಚುನಾವಣಾ ಆಯೋಗ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರ ಭಾರತದ ರಾಜ್ಯಗಳವರು.

ಗೌರವಗಳು ಮತ್ತು ನಿಧನ

ಕಮಲಾದೇವಿಯವರಿಗೆ 1955ರಲ್ಲಿ ಪದ್ಮಭೂಷಣ, 1966ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ, 1974ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್, 1987ರಲ್ಲಿ ಪದ್ಮವಿಭೂಷಣ ದೊರೆತವು. ಅವರ ಇಂಗ್ಲಿಷ್ ಆತ್ಮಕಥನ 1986ರಲ್ಲಿ ಪ್ರಕಟವಾಯಿತು. 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ನಡೆದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿ ಚುನಾವಣೆಗಳಲ್ಲಿ ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಹೆಣ್ಣುಮಕ್ಕಳು ಸದಸ್ಯರಾಗಿ ಬಂದರು. ಮರುವರ್ಷ, 1988ರ ಅಕ್ಟೋಬರ್ 29ರಂದು, ಕಮಲಾದೇವಿಯವರು ತಮ್ಮ 85ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು.