ಆ ಹನ್ನೊಂದು ಹೆಸರುಗಳಲ್ಲಿ ಭಾಭಾ ಇಲ್ಲ

ಹೋಮಿ ಜಹಾಂಗೀರ್ ಭಾಭಾ ಎಂದರೆ ನಮ್ಮಂಥವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಒಂದಂಕದ ಪ್ರಶ್ನೆ. ಭಾರತದ ಅಣುಶಕ್ತಿ ಕಾರ್ಯಕ್ರಮದ ಪಿತಾಮಹ ಯಾರು? ಉತ್ತರ ಬರೆದು ಮುಂದಕ್ಕೆ ಹೋಗುತ್ತೇವೆ. ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ನಾನು ಅವರ ಬದುಕನ್ನು ಓದಿದ್ದು ಬೇರೆ ಕಾರಣಕ್ಕೆ. ಹಲವರು ಸೇರಿ ಮಾಡಿದ ಸಂಶೋಧನೆಯ ಪ್ರಬಂಧದ ಮೇಲೆ ಯಾರ್‍ಯಾರ ಹೆಸರು ಇರಬೇಕು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿತ್ತು.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈಯ ಅನುಕೂಲಸ್ಥ ಪಾರ್ಸಿ ಮನೆತನದಲ್ಲಿ. ಮಗ ಎಂಜಿನಿಯರ್ ಆಗಲಿ ಎಂದು ಮನೆಯವರು ಕೇಂಬ್ರಿಜ್‌ಗೆ ಕಳಿಸಿದರು. ಆತ ಎಂಜಿನಿಯರಿಂಗ್ ಪಾಸು ಮಾಡಿ, ತನಗೆ ಇಷ್ಟವಾದ ಭೌತವಿಜ್ಞಾನಕ್ಕೆ ಹೊರಳಿದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿಯಾದಾಗ ಹೇಗೆ ಚದುರುತ್ತವೆ ಎಂದು ಲೆಕ್ಕ ಹಾಕಿ 1936ರಲ್ಲಿ ಪ್ರಬಂಧ ಪ್ರಕಟಿಸಿದರು. ಕೆಲಸ ಒಬ್ಬರದು, ಹೆಸರೂ ಒಬ್ಬರದೇ. ಅದಕ್ಕೆ ಇಂದಿಗೂ ಭಾಭಾ ಚದುರುವಿಕೆ ಎಂದೇ ಹೆಸರು.

ಮರುವರ್ಷದ ಪ್ರಬಂಧದಲ್ಲಿ ಎರಡು ಹೆಸರುಗಳಿವೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣದ ಒಂದು ಕಣ ವಾತಾವರಣಕ್ಕೆ ಬಡಿದು, ಒಂದು ಎರಡಾಗಿ, ಎರಡು ನಾಲ್ಕಾಗಿ ಕಣಗಳ ಮಳೆಯೇ ಹೇಗೆ ಸುರಿಯುತ್ತದೆ ಎಂದು ಅದು ವಿವರಿಸಿತು. ಜೊತೆಗಾರ ವಾಲ್ಟರ್ ಹೈಟ್ಲರ್, ಹಿಟ್ಲರನ ಜರ್ಮನಿ ಬಿಟ್ಟು ಇಂಗ್ಲೆಂಡ್ ಸೇರಿದ್ದ ವಿಜ್ಞಾನಿ. ಒಬ್ಬರು ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶದವರು, ಇನ್ನೊಬ್ಬರು ದೇಶವನ್ನೇ ತೊರೆದು ಬಂದವರು. ಭಾಭಾ–ಹೈಟ್ಲರ್ ಸಿದ್ಧಾಂತ ಎಂಬ ಜೋಡಿ ಹೆಸರು ಇಂದಿಗೂ ಹಾಗೇ ಉಳಿದಿದೆ.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದ ಭಾಭಾ ಯುದ್ಧ ಶುರುವಾದ್ದರಿಂದ ವಾಪಸು ಹೋಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿಗೆ ಬಂದ ಇಪ್ಪತ್ತರ ಹುಡುಗ ಹರೀಶ್‌ಚಂದ್ರ ಅವರೊಂದಿಗೆ ಕೆಲಸ ಮಾಡಿದಾಗ ಇಬ್ಬರ ಹೆಸರಿನಲ್ಲೂ ಪ್ರಬಂಧಗಳು ಬಂದವು. ಆ ಹುಡುಗ ಮುಂದೆ ಜಗತ್ತೇ ಗುರುತಿಸಿದ ಗಣಿತಜ್ಞನಾದ. 1945ರಲ್ಲಿ ಭಾಭಾ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಅದು ಮುಂಬೈಗೆ ಹೋಯಿತು.

ನನಗೆ ಮುಖ್ಯವೆನಿಸಿದ ಸಂಗತಿ ಇರುವುದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ನೆಲದೊಳಗೆ ಆಳಕ್ಕೆ ಇಳಿದಂತೆ ಬಂಡೆ ವಿಶ್ವಕಿರಣಗಳನ್ನು ತಡೆಯುತ್ತದೆ. ನ್ಯೂಟ್ರಿನೊ ಎಂಬ ಕಣ ಮಾತ್ರ ಬಂಡೆಯನ್ನೂ ತೂರಿ ಬರುತ್ತದೆ. 1950ರ ದಶಕದ ಆರಂಭದಲ್ಲೇ ಭಾಭಾ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರನ್ನು ಕೆಜಿಎಫ್‌ಗೆ ಕಳಿಸಿ ವಿಶ್ವಕಿರಣಗಳನ್ನು ಅಳೆಯಲು ಹಚ್ಚಿದ್ದರು. ಆ ಕೆಲಸ ಬೆಳೆದು, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್‍ಹಮ್ ವಿಶ್ವವಿದ್ಯಾಲಯ ಜೊತೆಗೂಡಿದವು. ಸುಮಾರು 2.3 ಕಿ.ಮೀ. ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. 1965ರ ಆಗಸ್ಟ್ 15ರಂದು ಪ್ರಬಂಧ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ಇದೇ ಹುಡುಕಾಟದಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ಪ್ರಬಂಧ ಬಂದದ್ದು ಹದಿನೈದು ದಿನ ತಡವಾಗಿ.

ಕೆಜಿಎಫ್ ಪ್ರಬಂಧದ ಮೇಲೆ ಹನ್ನೊಂದು ಹೆಸರುಗಳಿವೆ: ಭಾರತದ ಐವರು, ಜಪಾನಿನ ಇಬ್ಬರು, ಇಂಗ್ಲೆಂಡಿನ ನಾಲ್ವರು. ಒಂದೊಂದು ದೇಶದವರ ಹೆಸರೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದೆ. ಹಾಗಾಗಿ ತಂಡದ ಹಿರಿಯರಾದ, ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಎರಡನೆಯವರು, ಶ್ರೀಕಂಠನ್ ಐದನೆಯವರು. ಸಂಸ್ಥೆ ಕಟ್ಟಿದ, ಆಗಲೂ ಅದರ ನಿರ್ದೇಶಕರಾಗಿದ್ದ ಭಾಭಾ ಅವರ ಹೆಸರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಐದು ತಿಂಗಳ ನಂತರ, 1966ರ ಜನವರಿ 24ರಂದು, ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿದ ವಿಮಾನದಲ್ಲಿ ಅವರು ತೀರಿಹೋದರು. ಆ ಹೆಸರಿಲ್ಲದ್ದರಿಂದ ಅವರ ಕೀರ್ತಿಯೇನೂ ಕಡಿಮೆಯಾಗಲಿಲ್ಲ.

ಈ ಪಟ್ಟಿ ನನ್ನನ್ನು ಹಿಡಿದು ನಿಲ್ಲಿಸಲು ಕಾರಣವಿದೆ. ಓದುವಾಗ ನಾನು ವಿದೇಶಿ ವಿಶ್ವವಿದ್ಯಾಲಯವೊಂದರ ಜೊತೆಗಿನ ಪ್ರಾಜೆಕ್ಟಿಗೆ ಕೆಲಸ ಮಾಡಿದ್ದೆ. ಕೊರಟಗೆರೆಯ ನಮ್ಮ ಮನೆಯಿಂದ ಬೆಳಿಗ್ಗೆಯೇ ಹೊರಟು ತೋವಿನಕೆರೆ, ಹೊಳವನಹಳ್ಳಿ, ಮಧುಗಿರಿ, ಪಾವಗಡದವರೆಗೆ ಅಲೆದು ಕೊಳವೆಬಾವಿ ನೀರು ತುಂಬಿಸಿ ತಂದು, ಫ್ಲೋರೈಡ್ ಎಷ್ಟಿದೆ ಎಂದು ಅಳೆದು, ಕೋಷ್ಟಕ ಮಾಡಿದ್ದೆ. ಪ್ರಬಂಧ ಬಂದಾಗ, ಒಂದು ದಿನವೂ ನೀರಿನ ಬಾಟಲಿ ಮುಟ್ಟದ, ಅಂಕಿ ನೋಡದ ಹಿರಿಯರೊಬ್ಬರು ಲೇಖಕರಾಗಿದ್ದರು. ನಾನು ಕೊನೆಯ ಸಾಲಿನ ಕೃತಜ್ಞತೆಯಲ್ಲಿದ್ದೆ. ಸಂದರ್ಶನಕ್ಕೆ ಹೋದರೆ ಪ್ರಕಟಣೆಗಳು ಎಷ್ಟು ಎಂದು ಕೇಳುತ್ತಾರೆ. ಕೃತಜ್ಞತೆಗೆ ಅಂಕವಿಲ್ಲ.

ಹಾಗೆಂದು ಕೈ ಹಚ್ಚಿದವರೆಲ್ಲ ಲೇಖಕರೇ? ಕೆಜಿಎಫ್‌ನ ಗಣಿ ಕಾರ್ಮಿಕರಿಲ್ಲದೆ ಯಾವ ವಿಜ್ಞಾನಿಯೂ ಆ ಆಳದಲ್ಲಿ ಪ್ರಯೋಗ ನಡೆಸಲಾಗುತ್ತಿರಲಿಲ್ಲ. ಅವರ ಹೆಸರೂ ಪಟ್ಟಿಯಲ್ಲಿಲ್ಲ. ಗೆರೆ ಎಲ್ಲಿ ಎಳೆಯಬೇಕು? ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಇದಕ್ಕೊಂದು ನಿಯಮ ಮಾಡಿದ್ದಾರೆ: ಸಂಶೋಧನೆಯಲ್ಲಿ ಗಣನೀಯ ಪಾಲಿರಬೇಕು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಭಾಗವಹಿಸಿರಬೇಕು, ಅಂತಿಮ ಪ್ರತಿಗೆ ಒಪ್ಪಿರಬೇಕು, ಅದರ ತಪ್ಪು–ಒಪ್ಪಿಗೆ ಹೊಣೆಯಾಗಿರಬೇಕು. ಹಣ ತಂದುಕೊಟ್ಟದ್ದು ಅಥವಾ ಮೇಲ್ವಿಚಾರಣೆ ಮಾಡಿದ್ದು ಮಾತ್ರ ಸಾಲದು. ಇನ್ನೊಂದು ತುದಿಯೂ ಇದೆ: 2015ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದ ಎರಡು ತಂಡಗಳು ಸೇರಿ ಬರೆದ ಪ್ರಬಂಧಕ್ಕೆ 5,154 ಲೇಖಕರು. ಅದರ 33 ಪುಟಗಳಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳಿಗೇ ಹೋಗಿವೆ. ಅಂಥ ಪಟ್ಟಿಯಲ್ಲಿ ಯಾರು ಏನು ಮಾಡಿದರೆಂದು ಹೆಸರು ನೋಡಿ ಹೇಳಲಾಗದು. ಅದಕ್ಕೇ ಈಗ ಹಲವು ಜರ್ನಲ್‌ಗಳು ಯಾರ ಕೆಲಸ ಯಾವುದೆಂದು ಬರೆದುಕೊಡಿ ಎನ್ನುತ್ತವೆ.

ಗೆಳೆಯರೇ, ಪ್ರಾಜೆಕ್ಟ್ ಸೇರುವ ಮೊದಲ ವಾರವೇ ಗೈಡ್ ಹತ್ತಿರ ವಿನಯದಿಂದ ಕೇಳಿ: ಸರ್, ಪೇಪರ್ ಬಂದರೆ ಲೇಖಕರು ಯಾರು, ನಾನು ಏನು ಮಾಡಿದರೆ ಅದರಲ್ಲಿರುತ್ತೇನೆ? ಮಾಡಿದ ಕೆಲಸವನ್ನು ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರೆಯುವ ಹಂತದಲ್ಲಿ ನನಗೂ ಒಂದು ಭಾಗ ಕೊಡಿ ಎನ್ನಿ. ನಾಳೆ ನೀವೇ ಗೈಡ್ ಆದಾಗ, ದುಡಿಯದ ಪ್ರಬಂಧದ ಮೇಲೆ ನಿಮ್ಮ ಹೆಸರು ಹಾಕಲು ಯಾರಾದರೂ ಬಂದರೆ, ಕೆಜಿಎಫ್‌ನ ಆ ಹನ್ನೊಂದು ಹೆಸರುಗಳನ್ನು ಒಮ್ಮೆ ನೆನಪಿಸಿಕೊಳ್ಳಿ.